ಖಾಲಿ ಬಿಟ್ಟ ಸಾಲು

ಕಂಪ್ಯೂಟರಿಗೆ ಕನ್ನಡ ಕಲಿಸಿದವನು ನಾನು. ಅದಕ್ಕೆ ಮೊದಲು ಭೂಮಿಯ ಮೇಲಿನ ಒಂದೇ ಒಂದು ಕಂಪ್ಯೂಟರಿಗೂ ಕನ್ನಡದ ಗಂಧ ಇರಲಿಲ್ಲ. ಮೂರು ಸಾವಿರ ಸಾಲುಗಳನ್ನು ಒಂದು ಲೋಟ ಟೀ ಆರುವುದರೊಳಗೆ ಅನುವಾದ ಮಾಡಿ ಬಿಸಾಕಿದೆ. ಕೀಬೋರ್ಡಿನಿಂದ ಹೊಗೆ ಎದ್ದು, ಹಾಸನದಿಂದ ಬೆಂಕಿ ಆರಿಸುವ ಗಾಡಿ ಬಂದಿತ್ತು.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಅರಸೀಕೆರೆಯ ಹೊರಗೆ ಗಂಗಾಧರಪ್ಪನ ಗಾರ್ಮೆಂಟ್ಸ್. ಇನ್ನೂರು ಹೆಂಗಸರಿಗೆ ಎರಡೇ ಕಕ್ಕಸು. ಒಂದಕ್ಕೆ ಬಾಗಿಲಿಲ್ಲ, ಇನ್ನೊಂದಕ್ಕೆ ನೀರಿಲ್ಲ. ಅದರ ನಾತ ಹೊಲಿಯುವ ಷರ್ಟುಗಳಿಗೂ ಹತ್ತಿತ್ತು. ಹೆಂಗಸರು ನೀರು ಕುಡಿಯದೆ ಸಂಜೆ ಮಾಡುತ್ತಿದ್ದರು. ಓನರ್ ರೂಮಿನಲ್ಲಿ ಮಾತ್ರ ಊದುಬತ್ತಿ ಉರಿಯುತ್ತಿತ್ತು.

ನಾನು ಇಂದುಧರ, ಅಲ್ಲಿನ ಕಂಪ್ಯೂಟರ್ ಆಪರೇಟರ್. ಹಾಜರಿಗೆಂದು ಹೆಬ್ಬೆಟ್ಟಿನ ಮೆಷಿನ್ ತಂದಿದ್ದರು. ಪರದೆಯ ಮೇಲೆ ಬರೀ ಇಂಗ್ಲಿಷು. ಅದಕ್ಕೆ ಕನ್ನಡ, ಹಿಂದಿ ಸೇರಿಸುವುದು ನನ್ನ ಕೆಲಸ. ಒಂದು ಪಟ್ಟಿ, ಎಡಗಡೆ ಇಂಗ್ಲಿಷ್ ಸಾಲು, ಬಲಗಡೆ ನಮ್ಮ ಸಾಲು. ಬಲಗಡೆ ಖಾಲಿ ಬಿಟ್ಟರೆ ಪರದೆ ಇಂಗ್ಲಿಷನ್ನೇ ತೋರಿಸುತ್ತದೆ.

ಆಗಲೇ ಹಾರನಹಳ್ಳಿಯ ಮಾದಮ್ಮ ಹನ್ನೊಂದು ಜನರನ್ನು ಕಟ್ಟಿಕೊಂಡು ಓನರ್ ಮುಂದೆ ನಿಂತಳು.

"ಸಾರ್, ಕಕ್ಕಸಿಗೊಂದು ಬಾಗ್ಲಾಕ್ಸಿ. ಇಲ್ದಿದ್ರೆ ನಾವು ಮೆಷಿನ್ ಮುಂದೆ ಕೂರಾಕಿಲ್ಲ."

"ಹಾಕ್ಸೋಣ ಕಣಮ್ಮ, ಅದಕ್ಕೇನಂತೆ," ಎಂದು ಗಂಗಾಧರಪ್ಪ ಹಲ್ಲು ಕಿರಿದ.

ಮರುವಾರ ಆ ಹನ್ನೆರಡು ಜನ ಹಾಜರಿ ಹಾಕುವಾಗ ಪರದೆಯ ಮೇಲೆ ಒಂದು ಇಂಗ್ಲಿಷ್ ಸಾಲು ಬಂತು.

"ಇದೇನಪ್ಪಾ, ಇಂಗ್ಲಿಷ್ ಬತ್ತೈತೆ?" ಎಂದಳು ಮಾದಮ್ಮ.

"ಏನಿಲ್ಲ ಕಣಕ್ಕ, ಒತ್ತು," ಎಂದೆ.

ಒತ್ತಿದರು. ಮಾರನೆಯ ದಿನ ಅವರನ್ನು ಗೇಟಿನೊಳಗೆ ಬಿಡಲಿಲ್ಲ. 'ನನ್ನ ಇಷ್ಟದಿಂದಲೇ ಕೆಲಸ ಬಿಡುತ್ತಿದ್ದೇನೆ' ಎಂದಿತ್ತು ಆ ಸಾಲು.

ಹನ್ನೆರಡು ಜನರೂ ಗೇಟು ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಲೇಬರ್ ಇನ್ಸ್‌ಪೆಕ್ಟರ್ ಬಂದರು. ಗಂಗಾಧರಪ್ಪ ಮೆಷಿನ್ನಿನಿಂದ ತೆಗೆಸಿದ ಕಾಗದ ಚಾಚಿದ. "ಅವ್ರೇ ಹೆಬ್ಬೆಟ್ಟು ಒತ್ತವ್ರೆ ನೋಡಿ ಸಾರ್."

ಇನ್ಸ್‌ಪೆಕ್ಟರು ನನ್ನತ್ತ ತಿರುಗಿದರು. "ಈ ಸಾಲು ಮಾತ್ರ ಯಾಕ್ರೀ ಕನ್ನಡದಲ್ಲಿಲ್ಲ?"

"ವೈರಸ್ ಸಾರ್! ಅಮೆರಿಕದಿಂದ ನೆಟ್ಟಗೆ ಅರಸೀಕೆರೆಗೇ ಬಂತು. ಸರಿಯಾಗಿ ಆ ಸಾಲನ್ನೇ ತಿಂದುಹಾಕ್ತು."

ಮಾದಮ್ಮ ನನ್ನ ಎದುರಿಗೇ ಬಂದಳು.

"ಏನ್ಲಾ, ಆ ವೈರಸ್ಸು ನಮ್ ಹನ್ನೆರಡು ಜನದ ಹೆಸ್ರು ಕೇಳ್ಕೊಂಡು ಬಂದಿತ್ತೇನ್ಲಾ? ಮಿಕ್ಕೋರಿಗೆಲ್ಲ ಅವತ್ತೂ ಕನ್ನಡನೇ ಬಂತಲ್ಲ!"

ಒಳಗೆ ಹೊಲಿಗೆ ಮೆಷಿನ್ನುಗಳು ಒಂದೊಂದಾಗಿ ನಿಂತವು. ಹೆಂಗಸರು ಎದ್ದು ಬಾಗಿಲಿಗೆ ಬಂದರು. ಗಂಗಾಧರಪ್ಪ ನನ್ನತ್ತ ಕಣ್ಣು ಕೆಕ್ಕರಿಸುತ್ತಿದ್ದ. ನನ್ನ ಬಾಯಿಗೆ ಒಂದು ಸುಳ್ಳೂ ಸಿಗಲಿಲ್ಲ.

"ವೈರಸ್ ಇಲ್ಲ ಸಾರ್. ಅದರ ಕನ್ನಡ ಬರೆದಿದ್ದೆ. ಓನರ್ ಅಳಿಸು ಅಂದ್ರು, ಅಳಿಸಿದೆ. ಈ ಹನ್ನೆರಡು ಜನಕ್ಕೆ ಮಾತ್ರ ಆ ಸಾಲು ಬರೋ ಹಂಗೆ ಮಾಡಿದ್ದೂ ನಾನೇ."

ನಿಮಗೂ ನಿಜ ಹೇಳಿಬಿಡುತ್ತೇನೆ. ಇದ್ದದ್ದು ಮೂರು ಸಾವಿರ ಸಾಲಲ್ಲ, ನಲವತ್ತು. ಅವನ್ನು ಅನುವಾದ ಮಾಡಿದ್ದೂ ನಾನಲ್ಲ. ನನ್ನ ಪುಸ್ತಕದ ಕನ್ನಡ ಯಾರಿಗೂ ತಿಳಿಯದೆಂದು, ಊಟದ ಹೊತ್ತಿನಲ್ಲಿ ಒಂದೊಂದು ಸಾಲಿನ ಅರ್ಥ ಹೇಳಿ, ಜನ ಹೇಗೆ ಅನ್ನುತ್ತಾರೆಂದು ಮಾದಮ್ಮನನ್ನೇ ಕೇಳಿ ಬರೆದುಕೊಂಡಿದ್ದೆ. ಕೆಲಸ ಬಿಡುವ ಸಾಲನ್ನೂ ಅವಳೇ ಹೇಳಿಕೊಟ್ಟಿದ್ದಳು.

"ಇದ್ಯಾಕಪ್ಪಾ ಬೇಕು? ಯಾರು ಬುಟ್ಟೋಯ್ತಾರೆ ಇದ್ದ ಕೆಲ್ಸವ?" ಎಂದು ನಕ್ಕು, ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ್ದಳು.

ತಿಂದಿದ್ದೆ.