ನನ್ನನ್ನು ಫೇಲ್ ಮಾಡಿ, ಮೇಡಂ

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಹಾಸಿಗೆ ಅಂಗಡಿಯವರಷ್ಟು ದಡ್ಡರು ಇನ್ನೊಬ್ಬರಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಉಳಿದವರು ಬಂದರು, ಕಲಿತರು, ಪಾಸಾಗಿ ಹೋದರು. ಇವರು ಮಾತ್ರ ಮೂರು ಸಲ ಡುಮ್ಕಿ ಹೊಡೆದು, ಕಿಟಕಿ ಪಕ್ಕದ ಬೆಂಚಿಗೆ ಅಂಟಿಕೊಂಡಿದ್ದರು. ಮುಗ್ಗರಿಸುತ್ತಿದ್ದುದು ಪ್ರತಿ ಸಲವೂ ಒಂದೇ ಕಡೆ: ಲೈ ಎಲ್ಲಿ ಬರಬೇಕು, ಲೇ ಎಲ್ಲಿ ಬರಬೇಕು.

ಮೇಡಂ ಹೇಳಿಕೊಟ್ಟ ಮೊದಲ ದಿನವೇ ಅವರಿಗೆ ಅದು ಅರ್ಥವಾಗಿತ್ತು ಎನ್ನುವುದು ಬೇರೆ ಮಾತು. ತಾನೇ ಮಲಗಿದರೆ ಲೈ. ಇನ್ನೊಂದನ್ನು ಮಲಗಿಸಿದರೆ, ಇಟ್ಟರೆ, ಹಾಸಿದರೆ ಲೇ. ಜೀವಮಾನವಿಡೀ ಹಾಸಿಗೆ ಹಾಸಿ, ಗಿರಾಕಿಗಳನ್ನು ಅದರ ಮೇಲೆ ಮಲಗಿಸಿದ ಮನುಷ್ಯನಿಗೆ ಇದೇನು ಬ್ರಹ್ಮವಿದ್ಯೆಯೇ? ಆದರೆ ತಪ್ಪು ಬರೆದವರನ್ನು ಮೇಡಂ ತರಗತಿ ಮುಗಿದ ಮೇಲೆ ಉಳಿಸಿಕೊಳ್ಳುತ್ತಿದ್ದರು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಪಾಠ ಶುರು. ಸೀಮೆಸುಣ್ಣದ ಬೆರಳಿನಿಂದಲೇ ಕನ್ನಡಕ ಸರಿಮಾಡಿಕೊಂಡು, ಮೂಗಿಗೆಲ್ಲ ಬಿಳಿ ಮೆತ್ತಿಕೊಳ್ಳುವರು. ಅವರೂ ಒಂಟಿ ಜೀವ. ಹೆಂಡತಿ ತೀರಿಕೊಂಡ ಮೇಲೆ ಹಾಸಿಗೆ ಅಂಗಡಿಯವರ ಎದುರು ಹಾಗೆ ಕೂತು ಮಾತಾಡಿದವರು ಬೇರೆ ಯಾರೂ ಇಲ್ಲ. ಪಾಸಾದರೆ ಅದು ಕೈತಪ್ಪುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಸರಿ, ಫೇಲಾಗುವುದೇ ಕ್ಷೇಮ ಎಂದುಕೊಂಡರು.

ಮನೆಯಲ್ಲಿದ್ದ ಅಕ್ಕನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಿರಲಿಲ್ಲ.

“ಮೀಸೆಗೆ ಬಣ್ಣ ಹಚ್ಕೊಂಡು ಹೋಗೋದು ಅದ್ಯಾವ ಸೀಮೆ ಇಂಗ್ಲಿಷಿಗಪ್ಪಾ?” ನಾಲ್ಕನೇ ಪರೀಕ್ಷೆಯ ದಿನ ಕೇಳಿದಳು.

“ವ್ಯಾಪಾರಕ್ಕೆ ಬೇಕಕ್ಕ.”

“ಹಾಸಿಗೆ ಕೊಳ್ಳೋರು ಬಂದು ಮಲಗಿ ನೋಡ್ತಾರೆ. ಮಲಗಿದೋರ ಹತ್ರ ಏನು ಇಂಗ್ಲಿಷ್ ಮಾತಾಡ್ತೀಯ? ಹೋಗಿ ಆಯಮ್ಮನಿಗೆ ವಿಷಯ ಹೇಳ್ಬಿಡು. ಇಲ್ಲಾಂದ್ರೆ ನಾನೇ ಬರ್ತೀನಿ.”

ಅವರು ಕೇಳಿಸಿಯೂ ಕೇಳಿಸದವರಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಪರೀಕ್ಷೆಯಲ್ಲಿ ಕೋಳಿ ಮೊಟ್ಟೆ ಇಡುವಲ್ಲಿ ಲೈ ಬರೆದು, ಅಜ್ಜಿ ಮಲಗುವಲ್ಲಿ ಲೇ ಬರೆದು, ಹಾಯಾಗಿ ಎದ್ದು ಬಂದರು.

ಮರುದಿನ ಉತ್ತರಪತ್ರಿಕೆ ಕೈಗೆ ಬಂದಾಗ ನೋಡುತ್ತಾರೆ, ಎಲ್ಲದಕ್ಕೂ ಸರಿ ಗುರುತು.

“ಅಂತೂ ಪಾಸಾದ್ರಿ. ನಾಳೆಯಿಂದ ನೀವು ಬರಬೇಕಾಗಿಲ್ಲ,” ಎಂದರು ಮೇಡಂ.

ಹಾಸಿಗೆ ಅಂಗಡಿಯವರು ಗಡಬಡಿಸಿ ಪತ್ರಿಕೆಯನ್ನು ಮುಂದೆ ಹಿಡಿದರು. “ಮೇಡಂ, ಕೋಳಿ ತಪ್ಪಾಗಿದೆ.”

“ಇರಲಿ ಬಿಡಿ. ಕೋಳಿ ಬಂದು ಕೇಳುತ್ತಾ?”

“ಕೋಳಿ ಕೇಳದಿದ್ರೂ ವ್ಯಾಕರಣ ಅಂತ ಒಂದಿದೆಯಲ್ಲ,” ಎನ್ನುತ್ತಾ ಅವರು ಎದ್ದು ನೇರ ಬೋರ್ಡಿನ ಹತ್ತಿರ ಹೋದರು. “ಮೊಟ್ಟೆ ಇಟ್ರೂ ಲೇ, ಇಟ್ಟಿಗೆ ಇಟ್ರೂ ಲೇ. ಅಜ್ಜಿ ತಾನಾಗೇ ಮಲಗಿದ್ರೆ ಲೈ. ಅದೇ ಅಜ್ಜಿ ನಿನ್ನೆ ಮಲಗಿದ್ಲು ಅನ್ನೋಕೆ ಮತ್ತೆ ಲೇ ಬರುತ್ತೆ, ಅದು ಲೈ ಅನ್ನೋದರ ಭೂತಕಾಲ, ಮೊಟ್ಟೆಯ ಲೇ ಅಲ್ಲ. ಇನ್ನು ಅಜ್ಜಿ ನಿನ್ನೆ ಸುಳ್ಳು ಹೇಳಿದ್ಲು ಅಂದ್ರೆ ಲೈಡ್. ಇಷ್ಟೂ ಕಡೆ ನಾನು ತಪ್ಪು ಬರ್ದಿದೀನಿ. ದಯವಿಟ್ಟು ನನ್ನನ್ನ ಫೇಲ್ ಮಾಡಿ.”

ತರಗತಿಯವರೆಲ್ಲ ಬಿಟ್ಟ ಬಾಯಿ ಬಿಟ್ಟಂತೆ ಕೂತಿದ್ದರು. ಹಿಂದಿನ ಬೆಂಚಿನ ದರ್ಜಿಯೊಬ್ಬ ಗಡಿಬಿಡಿಯಿಂದ ಬರೆದುಕೊಳ್ಳುತ್ತಿದ್ದ, ಅವನಿಗೆ ಇವತ್ತೇ ಅರ್ಥವಾಗಿದ್ದು.

“ಇಷ್ಟು ಗೊತ್ತಿರೋರು ಮೂರು ಸಲ ಯಾಕೆ ಫೇಲಾದ್ರಿ?” ಮೇಡಂ ಕೇಳಿದರು.

ಆಗ ಹಾಸಿಗೆ ಅಂಗಡಿಯವರಿಗೆ ತಾವು ಏನು ಮಾಡಿಕೊಂಡೆವೆಂದು ಹೊಳೆಯಿತು. ಓಡಿಹೋಗೋಣವೆಂದರೆ ಬಾಗಿಲು ಮೇಡಂ ಬೆನ್ನ ಹಿಂದಿತ್ತು. ಮಾನ ಹೇಗೂ ಹೋಯಿತು, ಇನ್ನು ಹೆದರಿ ಮಾಡುವುದೇನು ಅನ್ನಿಸಿತು.

“ಪಾಸಾದ್ರೆ ನೀವು ನನ್ನೆದುರು ಕೂತ್ಕೊಳ್ಳಲ್ವಲ್ಲ,” ಎಂದರು.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು.

“ನೀವು ಬೇಕಂತಲೇ ತಪ್ಪು ಬರೀತೀರಿ ಅಂತ ಎರಡನೇ ಸಲವೇ ನಂಗೆ ಗೊತ್ತಾಗಿತ್ತು,” ಎಂದರು. “ಗೊತ್ತಿದ್ದೂ ಮೊದಲಿಂದ ಹೇಳಿಕೊಟ್ಟೆ. ಆದ್ರೆ ಇನ್ನೊಂದು ಸಲ ಆ ಕೋಳಿ ಸುದ್ದಿ ಎತ್ತೋಕೆ ನನ್ನ ಕೈಲಾಗಲ್ಲ, ಅದಕ್ಕೇ ಪಾಸ್ ಮಾಡಿದ್ದು. ತರಗತಿ ಮುಗಿದ ಮೇಲೆ ಇರಿ, ಬೇರೆ ಏನಾದ್ರೂ ಮಾತಾಡೋಣ.”