ಹತ್ತನೇ ದಿನ ಏರಿದ ಎಣ್ಣೆ

ನೀರು ಗಟ್ಟಿ ಮಾಡುವ ಪುಡಿಯ ಒಂದು ಚೀಲಕ್ಕೆ ಪಂಪ್ ಮೆಕ್ಯಾನಿಕ್‌ನ ಹದಿನೈದು ದಿನದ ಸಂಬಳ. ದಿನಕ್ಕೆ ನಲವತ್ತು ಚೀಲ. ಕಲಸಲು ಬೇಕಾದ ಸಿಹಿನೀರಿನ ಲೆಕ್ಕ ಬೇರೆ. ಎತ್ತಿದ ಎಣ್ಣೆ ವಾಪಸ್ ಸುರಿಯದಂತೆ ಪಂಪಿನೊಳಗೆ ತಡೆಯುವ ಉಕ್ಕಿನ ಗುಂಡಿನ ಬೆಲೆ ಒಂದು ಊಟದಷ್ಟು.

ಹಳೆಯ ಎಣ್ಣೆಬಾವಿಗಳ ಕಲ್ಲಿನಲ್ಲಿ ಉಳಿದ ಎಣ್ಣೆಯನ್ನು ಬರಿ ನೀರು ತಳ್ಳುವುದಿಲ್ಲ, ಸಂದಿ ಸಿಕ್ಕಲ್ಲಿ ನುಸುಳಿ ತಾನೇ ಮುಂದೆ ಓಡುತ್ತದೆ. ಪುಡಿ ಬೆರೆಸಿದರೆ ನೀರು ಗಟ್ಟಿಯಾಗಿ ಎಣ್ಣೆಯನ್ನು ನೂಕಿಕೊಂಡು ಹೋಗುತ್ತದೆ. ಅದನ್ನು ಒಂದು ಬಾವಿಯಲ್ಲಿ ಇಳಿಸಿ, ಮುನ್ನೂರು ಅಡಿ ಆಚೆಯ ಬಾವಿಯಲ್ಲಿ ಎಣ್ಣೆ ಎತ್ತಬೇಕು. ನೆಲದಡಿ ಅದರ ನಡಿಗೆ ದಿನಕ್ಕೆ ಒಂದಡಿ.

ಪುಡಿನೀರು ಇಳಿಸಿದ ಹತ್ತನೇ ದಿನಕ್ಕೇ ಎಣ್ಣೆ ಎರಡರಷ್ಟಾಯಿತು. ದೊಡ್ಡ ಸಾಹೇಬರು ಗೋಡೆಯ ನಕ್ಷೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮರುದಿನ ಸುತ್ತೋಲೆ ಬಂತು: ಇನ್ನು ಎಣ್ಣೆಯನ್ನು ಪುಡಿಯೇ ತರುವುದರಿಂದ ಪಂಪು ರಿಪೇರಿ ಶೆಡ್ಡು ತಿಂಗಳ ಕೊನೆಗೆ ಬಂದ್.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಲೇ ಲ್ಯಾಬಿಗೆ ಹೋದ. ಪುಡಿಯ ಉಸ್ತುವಾರಿ ಅವನ ಹೆಂಡತಿಯ ತಮ್ಮನದು.

"ಏನೋ, ನಿನ್ನ ಅಂಟುನೀರು ಹತ್ತು ದಿನಕ್ಕೆ ಎಷ್ಟು ದೂರ ಹೋಗಿರುತ್ತೆ?"

"ಹತ್ತಡಿ, ಭಾವ."

"ಮಿಕ್ಕ ಇನ್ನೂರ ತೊಂಬತ್ತಡಿ ಬಸ್ ಹತ್ತಿ ಬಂತಾ?"

ಭಾವಮೈದುನ ಗಾಜಿನ ಕೊಳವೆ ತೊಳೆಯುತ್ತಲೇ ಇದ್ದ.

"ಸೋಮವಾರ ಆ ಪಂಪಿಗೆ ಹೊಸ ಗುಂಡು ಹಾಕಿದ್ದು ನಾನು ಕಣೋ. ಹಳೇದು ಸವೆದು, ಎತ್ತಿದ್ದರಲ್ಲಿ ಅರ್ಧ ವಾಪಸ್ ಕೆಳಗೇ ಸುರೀತಿತ್ತು. ಈಗ ನೋಡಿದ್ರೆ ಅಜ್ಜಿ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತಂತೆ."

"ಸಾಹೇಬರಿಗೆ ಹೇಳಿದೆ ಭಾವ. 'ಗುಂಡು ಬದಲಾಯಿಸಿದ್ದಕ್ಕೆ ಯಾರಾದ್ರೂ ಬಡ್ತಿ ಕೊಡ್ತಾರೇನಯ್ಯಾ' ಅಂದ್ರು."

"ಬರೆದು ಕೊಡು."

"ಬರೆದ್ರೆ ಪ್ರಯೋಗಾನೇ ನಿಲ್ಲಿಸ್ತಾರೆ, ನನ್ನ ಕೆಲಸ ಹೋಗುತ್ತೆ. ಪುಡಿ ನಿಜವಾಗ್ಲೂ ಒಳ್ಳೇದು ಭಾವ, ಹತ್ತು ತಿಂಗಳು ಹಿಡಿಯುತ್ತೆ ಅಷ್ಟೇ. ಅಕ್ಕನಿಗೆ ನೀವೇ ಸ್ವಲ್ಪ ತಿಳಿಸಿ ಹೇಳಿ..."

"ಶೆಡ್ಡು ಮುಚ್ಚೋ ಸುದ್ದಿ ನಿನ್ನಕ್ಕನಿಗೆ ನೀನೇ ಹೇಳಪ್ಪ. ನನಗೆ ಅಷ್ಟು ಧೈರ್ಯ ಇಲ್ಲ."

ಮೆಕ್ಯಾನಿಕ್ ಸವೆದ ಗುಂಡನ್ನು ಹಿಡಿದು ತಾನೇ ಸಾಹೇಬರ ಬಾಗಿಲು ತಟ್ಟಿದ. ಅವರು ಅವನ ಮಾತನ್ನೆಲ್ಲ ಕೇಳಿ, ಗುಂಡನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ" ಎಂದು ಸುತ್ತೋಲೆಗಳು ಹಾರದಂತೆ ಅವುಗಳ ಮೇಲಿಟ್ಟುಕೊಂಡರು.

ಶೆಡ್ಡಿಗೆ ಬೀಗ ಬಿತ್ತು. ನಾಲ್ಕು ತಿಂಗಳಲ್ಲಿ ಹೊಸ ಗುಂಡೂ ಸವೆದು ಎಣ್ಣೆ ಇಳಿಯಿತು. ಪುಡಿ ಸಾಲದೆಂದು ಎಂಬತ್ತು ಚೀಲ ಸುರಿದರು. ಎಂಟನೇ ತಿಂಗಳಿಗೆ ಪಂಪು ನಿಂತೇ ಹೋಯಿತು. ಹತ್ತನೇ ತಿಂಗಳು, ಭಾವಮೈದುನ ಹೇಳಿದ್ದಂತೆಯೇ, ಪುಡಿನೀರು ನೂಕಿಕೊಂಡು ಬಂದ ಎಣ್ಣೆ ಬಾವಿಯ ತಳ ಸೇರಿತು. ಪಂಪು ಸರಿಮಾಡಿ ಎತ್ತುವವರು ಇರಲಿಲ್ಲ. ಪುಡಿಯಿಂದ ಪ್ರಯೋಜನವಿಲ್ಲವೆಂದು ವರದಿಯಾಗಿ ಲ್ಯಾಬನ್ನೂ ಮುಚ್ಚಿದರು.

ಸಾಹೇಬರಿಗೆ ಅಷ್ಟರಲ್ಲಿ ಬಡ್ತಿಯಾಗಿತ್ತು. ಶೆಡ್ಡಿನ ಆರು ಜನರ ಕೆಲಸ ಹೋಯಿತು, ಲ್ಯಾಬಿನವನದು ಏಳನೆಯದು. ಎಣ್ಣೆ ಈಗಲೂ ಬಾವಿಯ ತಳದಲ್ಲಿದೆ.