ಒಂಬತ್ತನೆಯ ಪ್ರಶ್ನೆ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತೂಕದ ಇನ್‌ಸ್ಪೆಕ್ಟರು ವಕೀಲೆಯ ಕೋಣೆಯಲ್ಲಿ ಕುಳಿತು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಮೂವತ್ತು ವರ್ಷದ ಕೆಲಸ. ಎರಡು ಗ್ರಾಂ ಹೆಚ್ಚುಕಮ್ಮಿಯಾದರೂ ಅಂಗಡಿಯವನನ್ನು ಬಿಟ್ಟವರಲ್ಲ.

ಅವರ ತಮ್ಮ ಹಿಂದಿನ ವರ್ಷ ಪರದೇಶದ ವಿಮಾನ ನಿಲ್ದಾಣವೊಂದರಲ್ಲಿ ಉಗ್ರರ ಬಾಂಬಿಗೆ ಬಲಿಯಾಗಿದ್ದ. ಅಲ್ಲಿ ಸತ್ತವರ ಮನೆಯವರಿಗೆ ಕೋರ್ಟು ಪರಿಹಾರ ಕೊಡಿಸುತ್ತಿತ್ತು. ಹೆಂಡತಿ ಮಕ್ಕಳು ಏನನ್ನೂ ರುಜುವಾತು ಮಾಡಬೇಕಿರಲಿಲ್ಲ. ಒಡಹುಟ್ಟಿದವರು ಮಾತ್ರ ಸತ್ತವರೊಡನೆ ಆಪ್ತ ಒಡನಾಟವಿತ್ತೆಂದು ಪ್ರಮಾಣ ಮಾಡಬೇಕಿತ್ತು. ಕೊನೆಯ ಆರು ವರ್ಷಗಳಲ್ಲಿ ಎಷ್ಟು ಸಲ ಮಾತಾಡಿದ್ದೀರಿ ಎಂಬುದು ಅರ್ಜಿಯ ಒಂಬತ್ತನೆಯ ಪ್ರಶ್ನೆ. ಇನ್‌ಸ್ಪೆಕ್ಟರು ದುಂಡಗಿನ ಅಕ್ಷರದಲ್ಲಿ 'ವಾರಕ್ಕೊಮ್ಮೆ' ಎಂದು ಬರೆದಿದ್ದರು.

ನಿಜ ಬೇರೆಯೇ ಇತ್ತು. ಏಳು ವರ್ಷದ ಹಿಂದೆ ಅವರು ತಮ್ಮನ ಕಾಳಿನಂಗಡಿಯ ತಕ್ಕಡಿಗೂ ದಂಡ ಹಾಕಿದ್ದರು. "ನಿನ್ ಮೋರೆ ನೋಡಿದ್ರೆ ತಕ್ಕಡಿಗೂ ನಡುಕ ಬರುತ್ತೆ ಕಣಣ್ಣ, ಅದಕ್ಕೇ ಮುಳ್ಳು ಓಲಾಡಿದ್ದು" ಎಂದು ಅವನು ಗಿರಾಕಿಗಳೆದುರು ನಗೆಯಾಡಿದ್ದ. ಗಿರಾಕಿಗಳೂ ನಕ್ಕರು. ಅವತ್ತೇ ಇನ್‌ಸ್ಪೆಕ್ಟರು ಮಾತು ಬಿಟ್ಟರು.

ವಕೀಲೆ ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು. "ಫೋನ್ ಕಂಪನಿಯಿಂದ ನಿಮ್ಮ ಕರೆಗಳ ಪಟ್ಟಿ ಬಂದಿದೆ ಸರ್. ನೀವೇ ಕೇಳಿದ್ರಂತೆ, ನೇರವಾಗಿ ನನಗೇ ಕಳಿಸಿ ಅಂತ."

ಇನ್‌ಸ್ಪೆಕ್ಟರು ಬೆವರು ಒರೆಸುವುದನ್ನು ನಿಲ್ಲಿಸಿ ಲಕೋಟೆ ನೋಡಿದರು. ಹೌದು, ಅವರೇ ಕೇಳಿದ್ದರು. ಅವರ ಕಚೇರಿಯ ನಿಯಮ ಹಾಗೆ: ಆಧಾರವಿಲ್ಲದೆ ಅಂಕಿ ಬರೆಯುವಂತಿಲ್ಲ, ಆ ಆಧಾರ, ಅಂಕಿ ಬರೆಯುವವನ ಕೈಗೆ ಸಿಗುವಂತಿಲ್ಲ. ಅರ್ಜಿ ಕೈಗೆ ಬಂದ ದಿನವೇ ಅಭ್ಯಾಸಬಲದಿಂದ ಕಂಪನಿಗೆ ಪತ್ರ ಹಾಕಿದ್ದರು. ಪರಿಹಾರದ ಮೊತ್ತ ಎಷ್ಟೆಂದು ತಿಳಿದದ್ದು ಅದರ ಮರುವಾರ. ಆಮೇಲೆ ಆ ಪತ್ರ ನೆನಪಿಗೇ ಬರಲಿಲ್ಲ.

"ಕೋರ್ಟು ಇದನ್ನ ಕೇಳಿಲ್ಲ," ವಕೀಲೆ ಹೇಳಿದರು. "ಸಾಕ್ಷಿ ಸಹಿ ಇದ್ರೆ ಸಾಕು. ಒಡೆಯೋದಾ, ಬೇಡ್ವಾ?"

ಸಾಕ್ಷಿಯಾಗಿ ಬಂದಿದ್ದವಳು ತಮ್ಮನ ಮಗಳು. ಅವಳು ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದಳು.

"ಯಾಕೆ ದೊಡ್ಡಪ್ಪ ಅದೆಲ್ಲಾ? ನಾನು ಹಾಕ್ತೀನಿ ಬಿಡಿ. ವಾರಕ್ಕೊಂದ್ಸಲ ನೀವು ಮಾತಾಡ್ಬೇಕು ಅಂತ ಅಪ್ಪಂಗೂ ಇತ್ತಲ್ಲ."

ಅವಳ ದನಿಯಲ್ಲಿ ಚುಚ್ಚುವ ಉದ್ದೇಶ ಕಿಂಚಿತ್ತೂ ಇರಲಿಲ್ಲ. ಇದ್ದಿದ್ದರೆ ಇನ್‌ಸ್ಪೆಕ್ಟರು ತಡೆದುಕೊಳ್ಳುತ್ತಿದ್ದರೇನೋ. ಪೆನ್ನು ಕಾಗದಕ್ಕೆ ತಾಗುವ ಮುನ್ನ ಅವರು ಅವಳ ಕೈಯ ಕೆಳಗಿನಿಂದ ಹಾಳೆ ಎಳೆದುಕೊಂಡರು.

"ಬೇಡಮ್ಮ. ನೀನು ಸುಳ್ಳಿಗೆ ಸಹಿ ಹಾಕ್ಬೇಡ." ವಕೀಲೆಯ ಕಡೆ ನೋಡದೆ ಹೇಳಿದರು, "ಒಡೀರಿ. ಓದಿ."

ವಕೀಲೆ ಮೆಲ್ಲಗೆ ಓದಿದರು. ತಮ್ಮನಿಂದ ಬಂದ ಕರೆಗಳು ಇನ್ನೂರ ಹನ್ನೆರಡು. ಅಣ್ಣ ಮಾಡಿದ್ದು ಒಂದೂ ಇಲ್ಲ. ಎತ್ತಿದ್ದು ಒಂದೇ ಒಂದು.

ಆ ಒಂದು ಕರೆ ಇನ್‌ಸ್ಪೆಕ್ಟರಿಗೆ ನೆನಪಿತ್ತು. ಹೊಸ ಸಂಖ್ಯೆಯೆಂದು ಎತ್ತಿದ್ದರು. ಊಟ ಆಯ್ತಾ ಎಂದು ತಮ್ಮ ಕೇಳಿದ್ದ, ಇನ್ನೇನೋ ಹೇಳಹೊರಟಿದ್ದ. "ಕೆಲ್ಸದಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದಿದ್ದರು ಇವರು. ಕೆಲಸವೇನೂ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದರು.

"ಇದನ್ನ ಬರೆದ್ರೆ ನಿಮಗೆ ಬಿಡಿಗಾಸೂ ಬರಲ್ಲ ಸರ್," ಎಂದರು ವಕೀಲೆ.

ತಮ್ಮನ ಮಗಳು ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಅವಳ ಮುಖ ನೋಡುವ ಧೈರ್ಯ ಇನ್‌ಸ್ಪೆಕ್ಟರಿಗೆ ಬರಲಿಲ್ಲ. 'ವಾರಕ್ಕೊಮ್ಮೆ' ಎಂಬುದರ ಮೇಲೆ ಒಂದೇ ಗೆರೆ ಎಳೆದರು, ಹಳೆಯ ಬರಹ ಕಾಣುವಂತೆಯೇ. ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಕೆಳಗೆ ಬರೆದರು: ಒಂದು ಸಲ, ನಲವತ್ತೊಂದು ಸೆಕೆಂಡು.